ಅಲುಗಾಡದವರ ಕಣ್ಣು

ನಾನು ಅಲುಗಾಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕಥೆಯಲ್ಲಿ ನಾನು ಅಲುಗಾಡಿದೆ ಎನ್ನುವವರೇ ಬಹಳ.

ನನ್ನ ಹೆಸರು ಸಾವಂತ್ರಿ ಗರಡಿಮನಿ. ವಯಸ್ಸು ಮೂವತ್ನಾಲ್ಕು. ಗದಗ ಸೀಮೆಯ ನಮ್ಮ ಊರಿನಲ್ಲಿ ಹೆಣ್ಣುಮಕ್ಕಳಿಗೆ ಮಲ್ಲಕಂಬ ಕಲಿಸುತ್ತೇನೆ. ಔಡಲೆಣ್ಣೆ ಸವರಿದ ಕಂಬದ ತುದಿಯಲ್ಲಿ, ಅಂಗೈ ಅಗಲದ ಜಾಗಕ್ಕೆ ಬೆನ್ನು ಊರಿ ಶವಾಸನ ಹಾಕಬಲ್ಲೆ. ಮೂಗಿನ ಮೇಲೆ ನೊಣ ಕುಳಿತರೂ ಕದಲುವುದಿಲ್ಲ. ಅಂಥವಳನ್ನು ಮೆತ್ತನೆಯ ಮಂಚದ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ಗುಳಿಯಲ್ಲಿ ಇರಿಸಿ, ಕಣ್ಣಿನ ಪೊರೆ ತೆಗೆಯುವ ಯಂತ್ರ ಹೇಳಿತು: "ರೋಗಿಯು ಅಲುಗಾಡಿದ್ದಾರೆ. ದಯವಿಟ್ಟು ಮುಂದಿನ ಬಾರಿ ಸಹಕರಿಸಿ." ಅದೂ ಎರಡನೇ ಸಲ. ದನಿ ಮಾತ್ರ ಬಹಳ ಸಿಹಿ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತವರಿಗೆ ಇನ್ನಷ್ಟು ಹಾಕಲೇ ಎಂದು ಕೇಳುವವರ ದನಿ.

"ಅಲ್ರೀ ಸಿಸ್ಟರ್, ನೀವ ಇಲ್ಲೆ ನಿಂತಿದ್ರಿ. ನಾ ಎಲ್ಲೆ ಅಲುಗಾಡೇನಿ?" ಎಂದು ಕೇಳಿದೆ.

"ನನಗೇನ್ ಗೊತ್ರೀ ಅಕ್ಕಾರ. ಯಂತ್ರ ಹೇಳಿದ್ದ ಖರೆ. ಮೂರನೇ ಸಲಾನೂ ಹಿಂಗ ಆತಂದ್ರ ಐದು ವರ್ಷ ನಿಮ್ಮ ಹೆಸರ ಬರೂದಿಲ್ಲ. ಮದ್ಲ ಹೇಳಿರ್ತೀನಿ" ಎಂದಳು ಸಿಸ್ಟರ್. ಮುಂದಿನವರನ್ನು ಕರೆದಳು.

ಯಂತ್ರದ ಹೆಸರು ಬೆಳಕಿಂಡಿ. ನಮ್ಮ ಕಡೆ ಕಣ್ಣಿನ ಡಬ್ಬಿ ಎನ್ನುತ್ತಾರೆ. ತಾಲ್ಲೂಕಿಗೊಂದು ಇದೆ. ಮಲಗಿದರೆ ಸಾಕು, ಮೇಲಿನ ಕ್ಯಾಮೆರಾ ಮೊದಲು ಕಣ್ಣನ್ನು ಪರೀಕ್ಷಿಸುತ್ತದೆ. ಎಲ್ಲ ಸರಿಯಿದ್ದರೆ ಹಸಿರು ದೀಪ. ಆಮೇಲೆ ಸೂಜಿಯಂಥ ತೋಳುಗಳು ಇಳಿದು, ಪೊರೆ ಬಂದ ಮಸೂರವನ್ನು ಪುಡಿಮಾಡಿ ಹೀರಿ, ಹೊಸ ಮಸೂರ ಇಟ್ಟು ಮೇಲೇಳುತ್ತವೆ. ಚಹಾ ಕುದಿಸಿ ಸೋಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಇದು ಬಂದ ಮೇಲೆ ಕೈಯಿಂದ ಪೊರೆ ತೆಗೆಯುವುದನ್ನು ಕಾಲೇಜುಗಳಲ್ಲಿ ಕಲಿಸುವುದೇ ಬಿಟ್ಟರು. ಬಲ್ಲ ಡಾಕ್ಟರುಗಳು ಒಬ್ಬೊಬ್ಬರಾಗಿ ನಿವೃತ್ತರಾದರು. ದುಡ್ಡು ಸುರಿಯುತ್ತೇನೆಂದು ದೊಡ್ಡ ಆಸ್ಪತ್ರೆಗೆ ಹೋದರೂ ಅಲ್ಲಿರುವುದು ಇದೇ ಡಬ್ಬಿ, ಗೋಡೆಯ ಬಣ್ಣ ಮಾತ್ರ ಬೇರೆ.

ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಅದು ದೇವರು. ಉಳಿದ ಒಬ್ಬರು ನಾವು.

ಹೊರಗೆ ಬಂದರೆ ಮಧ್ಯಾಹ್ನದ ಬಿಸಿಲು. ಪೊರೆ ಬಂದ ಕಣ್ಣಿಗೆ ಕತ್ತಲೆಗಿಂತ ಬೆಳಕೇ ಹೆಚ್ಚು ಹಿಂಸೆ ಎಂದರೆ ಯಾರೂ ನಂಬುವುದಿಲ್ಲ. ಬಿಸಿಲಿಗೆ ಊರೆಲ್ಲ ಹಾಲಿನಲ್ಲಿ ಅದ್ದಿದಂತೆ ಬೆಳ್ಳಗಾಗುತ್ತದೆ. ಎದುರಿಗೆ ಬರುವ ಬೈಕು ಬೈಕಲ್ಲ, ಒಂದು ಸದ್ದು. ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತು. ಒಂದು ದಿನ ಹಗ್ಗದ ಮಲ್ಲಕಂಬದಿಂದ ಇಳಿಯುವಾಗ ಒಳಗೆ ಏನೋ ಜಾರಿದಂತಾಯಿತು. ಆಮೇಲೆ ನೋವು, ಬಾವು, ಕೊನೆಗೆ ಪೂರ್ತಿ ಕತ್ತಲೆ. ಇನ್ನು ಉಳಿದದ್ದು ಎಡಗಣ್ಣು. ಅದರೊಳಗೂ ಆಗಾಗ ಏನೋ ತೂಗುತ್ತಿತ್ತು. ಐದು ವರ್ಷ ಅದು ತಡೆಯುವುದಿಲ್ಲ ಎಂದು ತಿಳಿಯಲು ಡಾಕ್ಟರೇ ಆಗಬೇಕಿಲ್ಲ.

ಬಸ್ಸಿನಲ್ಲಿ ಕೂತು ಊರು ಬರುವವರೆಗೂ ಹಲ್ಲು ಕಚ್ಚಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಹಾಗಾಗಿತ್ತು ನನ್ನ ಸ್ಥಿತಿ.

ನಮ್ಮ ಮನೆಯ ಸಂಗತಿ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಗರಡಿಮನಿಯವರ ಮೈ ರಬ್ಬರಿನಂಥದು. ಹೆಬ್ಬೆರಳು ಹಿಂದಕ್ಕೆ ಬಗ್ಗಿ ಮುಂಗೈಗೆ ತಾಗುತ್ತದೆ. ಮೊಣಕೈ ತಿರುಗುಮುರುಗಾಗುತ್ತದೆ. ಇದು ನಮ್ಮ ಕುಲದ ಹೆಮ್ಮೆ. ಮನೆಗೆ ಹೆಣ್ಣು ತರುವಾಗ ಹಿರಿಯರು ಅಕ್ಷತೆ, ಕುಂಕುಮ ಎಲ್ಲಕ್ಕಿಂತ ಮೊದಲು, "ಹೆಬ್ಬೆಟ್ಟು ಬಗ್ಗಸು ನೋಡೂಣು" ಎನ್ನುತ್ತಿದ್ದರು. ಬಗ್ಗದಿದ್ದರೆ ಉಪ್ಪಿಟ್ಟು ತಿಂದು ಎದ್ದು ಬರುತ್ತಿದ್ದರು. ಅವ್ವ ಇವತ್ತಿಗೂ ಹೇಳುತ್ತಾಳೆ: "ನನ್ನ ಮಾರಿ ಯಾರೂ ನೋಡ್ಲೇ ಇಲ್ಲ ನಮ್ಮವ್ವಾ. ನಾ ಹೆಂಗದೀನಿ ಅಂತ ನಿಮ್ಮಪ್ಪಗ ಲಗ್ನ ಆಗಿ ವಾರಕ್ಕ ಗೊತ್ತಾತು."

ಹೀಗೆ ತಲೆತಲಾಂತರ ಬಗ್ಗುವವರನ್ನೇ ಆರಿಸಿ ಆರಿಸಿ ತಂದರು. ಕಂಬದ ಮೇಲೆ ನಮ್ಮನ್ನು ಮೀರಿಸುವವರಿರಲಿಲ್ಲ. ಹಾಗೆಯೇ ಮೂವತ್ತು ದಾಟುತ್ತಿದ್ದಂತೆ ನಮ್ಮ ಮನೆಯವರ ಕಣ್ಣೂ ಮಂಜಾಗುತ್ತಿತ್ತು. ಅಜ್ಜನದು ಹೋಯಿತು. ಅಜ್ಜನ ತಂಗಿಯದು ಹೋಯಿತು. ಅಪ್ಪನದು ನಾನು ಹೈಸ್ಕೂಲಿನಲ್ಲಿದ್ದಾಗ ಹೋಯಿತು. ಇದಕ್ಕೂ ನಮ್ಮ ಹಿರಿಯರು ಒಂದು ಹೆಸರು ಕಟ್ಟಿಟ್ಟಿದ್ದರು. ಕಂಬಕ್ಕೆ ಕಣ್ಣು ಕೊಟ್ಟವರು. ಕಣ್ಣು ಹೋದವರನ್ನು ಕಂಬದ ಬುಡದಲ್ಲಿ ಕಂಬಳಿ ಹಾಸಿ ಕೂರಿಸುವುದು, ದಿನಾ ಕಂಬಕ್ಕೆ ಮೊದಲ ಎಣ್ಣೆ ಅವರ ಕೈಯಿಂದಲೇ ಹಚ್ಚಿಸುವುದು, ಪಂಚಮಿಯ ದಿನ ಶಾಲು ಹೊದಿಸಿ ಕಾಲು ಮುಟ್ಟುವುದು. ಕುರುಡಾದದ್ದಕ್ಕೆ ಸನ್ಮಾನ. ಹೀಗಿರುವಾಗ ಯಾರು ತಾನೆ ಆಸ್ಪತ್ರೆಗೆ ಹೋದಾರು?

ಬೆಳಕಿಂಡಿಯಲ್ಲಿ ಹೆಸರು ಬರೆಸುವಾಗ "ಕೀಲುಗಳ ತೊಂದರೆ ಇದೆಯೇ?" ಎಂದು ಕೇಳಿದ್ದರು. ನಾನು ನಗುತ್ತ ಇಲ್ಲ ಎಂದಿದ್ದೆ. ಹೆಬ್ಬೆರಳು ಬಗ್ಗಿಸಿಯೂ ತೋರಿಸಿದ್ದೆ. ನಮ್ಮ ಮನೆಯಲ್ಲಿ ಕೀಲಿನ ತೊಂದರೆ ಎಂದರೆ ಬಗ್ಗದೇ ಇರುವುದು. ಭುಜ ತಿಂಗಳಿಗೊಮ್ಮೆ ತಪ್ಪಿ ಹೊರಬರುತ್ತಿತ್ತು, ನಾನೇ ಬಾಗಿಲ ಚೌಕಟ್ಟಿಗೆ ಒತ್ತಿ ಕೂರಿಸಿಕೊಳ್ಳುತ್ತಿದ್ದೆ. ಅದು ತೊಂದರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮಂಜಾದ ಕಣ್ಣಿಟ್ಟುಕೊಂಡು ಬಾಳುವುದನ್ನೂ ಕಲಿತಿದ್ದೆ. ಮೆಟ್ಟಿಲಿನ ಅಂಚಿಗೆ ಹಳದಿ ಟೇಪು ಅಂಟಿಸಿದ್ದೆ. ಲೋಟ ತುಂಬಿದ್ದನ್ನು ಸದ್ದಿನಿಂದ ತಿಳಿಯುತ್ತಿದ್ದೆ. ಯಾವ ಹುಡುಗಿ ಕಂಬ ಏರುತ್ತಿದ್ದಾಳೆಂದು ಅವಳ ಉಸಿರಿನಿಂದ ಹೇಳುತ್ತಿದ್ದೆ. ಆದರೆ ಬೀಳುವವಳನ್ನು ಹಿಡಿಯಲು ಉಸಿರು ಕೇಳಿದರೆ ಸಾಲದು, ಕಾಣಬೇಕು. ಬಿಳಿ ಕೋಲು ಹಿಡಿದು ನೋಡಿದೆ. ಮುಂಗೈ ಕೀಲು ಸಡಿಲವಾದವಳಿಗೆ ಕೋಲಿನ ತುದಿ ಕಲ್ಲಿಗೆ ತಾಗಿದಾಗಲೆಲ್ಲ ಕೈಯೇ ತಿರುಚುತ್ತದೆ. ಬೆರಳಿನಿಂದ ಚುಕ್ಕಿಯ ಲಿಪಿ ಓದೋಣವೆಂದರೆ ಬೆರಳತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಕಣ್ಣಿಲ್ಲದವರಿಗೆಂದು ಲೋಕ ಮಾಡಿಟ್ಟ ದಾರಿಗಳಿಗೂ ಗಟ್ಟಿ ಕೀಲು ಬೇಕು. ಒಂದು ಹೋದರೆ ಇನ್ನೊಂದನ್ನು ಊರುಗೋಲು ಮಾಡಿಕೊಳ್ಳಿ ಎನ್ನುತ್ತಾರೆ, ಎರಡೂ ಇಲ್ಲದವರ ಲೆಕ್ಕ ಯಾರ ತಲೆಗೂ ಬಂದಿಲ್ಲ.

ಎರಡನೇ ಸಲ ವಾಪಸು ಬಂದ ದಿನ ಅಪ್ಪ ಕಂಬದ ಬುಡದಲ್ಲಿ ಕೂತಿದ್ದ. ಗರಡಿ ಕಲಿಸುವ ವಸ್ತಾದ ಫಕೀರಪ್ಪ ಎಂದರೆ ಸುತ್ತಲ ಊರುಗಳಿಗೆಲ್ಲ ಗೊತ್ತು. ನನ್ನ ಹೆಜ್ಜೆ ಗುರುತಿಸಿ, "ಆಗಲಿಲ್ಲೇನ?" ಎಂದ.

"ಇಲ್ಲ. ನಾ ಅಲುಗಾಡಿದ್ನಂತ."

ಅಪ್ಪ ನಕ್ಕ. "ಬಿಡ ನಮ್ಮವ್ವಾ. ಕಂಬ ಕೇಳಾಕತ್ತೈತಿ. ಕೊಟ್ಟಬಿಡು. ನನ್ನ ಬಾಜೂಕ ನಿನಗೊಂದು ಕಂಬಳಿ ಹಾಸತೀವಿ."

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಮಾತಾಡಿದರೆ ಏನು ಬಾಯಿಂದ ಬರುತ್ತದೋ ಎಂದು ಒಳಗೆ ಹೋದೆ. ಮರುದಿನ ಬೆಳಗ್ಗೆ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಬೆಳಕಿಂಡಿಗಳನ್ನು ನೋಡಿಕೊಳ್ಳುವ ಕೋಣೆ ಹುಬ್ಬಳ್ಳಿಯಲ್ಲಿದೆ. ಒಳಗೆ ಬಿಡಲಿಲ್ಲ. ನಾನು ಬಾಗಿಲ ಮುಂದೆ ಕೂತೆ. ಕಾವಲಿನವ ಏಳಿ ಎಂದ, ಏಳಲಿಲ್ಲ. ಊಟದ ಹೊತ್ತಿಗೆ ಬಿಳಿ ಕೂದಲಿನ ಒಬ್ಬ ಹೆಂಗಸು ಹೊರಗೆ ಬಂದು ನನ್ನನ್ನು ದಾಟಿ ಹೋಗುವಾಗ ನಿಂತರು. ಡಾಕ್ಟರ್ ಮೆಹಜಬೀನ್ ನದಾಫ. ನಮ್ಮ ತಾಲ್ಲೂಕಿನ ಯಂತ್ರ ಅವರ ಮೇಜಿಗೇ ಸೇರಿದ್ದು ಎಂದು ನನಗೆ ಆಗ ಗೊತ್ತಿರಲಿಲ್ಲ.

"ಯಾರ ಸಲುವಾಗಿ ಕುಂತೀರಿ?"

"ನಾ ಅಲುಗಾಡೇನಿ ಅಂದವ್ರ ಸಲುವಾಗಿ."

ಅವರು ಬಗ್ಗಿ ನನ್ನ ಕಣ್ಣನ್ನು ನೋಡಿದರು. ಆಮೇಲೆ, "ಹೆಬ್ಬೆಟ್ಟು ಬಗ್ಗತೈತೇನು?" ಎಂದರು.

ನನ್ನ ಅವ್ವನನ್ನು ನೋಡಲು ಬಂದ ಬೀಗರೇ ಎದುರು ನಿಂತಂತಾಯಿತು. ಬಗ್ಗಿಸಿದೆ. ಡಾಕ್ಟರ್ ನನ್ನ ಕೈ ಹಿಡಿದುಕೊಂಡೇ ಒಳಗೆ ಕರೆದೊಯ್ದರು.

ಕೋಣೆಯ ತುಂಬ ಪರದೆಗಳು. ಪ್ರತಿಯೊಂದರಲ್ಲೂ ಒಂದೊಂದು ಕಣ್ಣು. ಇಪ್ಪತ್ತಕ್ಕಿಂತ ಹೆಚ್ಚು ತಾಲ್ಲೂಕುಗಳ ಕಣ್ಣುಗಳು ತಟ್ಟೆಯಷ್ಟು ದೊಡ್ಡದಾಗಿ ಅರಳಿದ್ದವು. ನನ್ನ ಎಡಗಣ್ಣಿಗೂ ಅಷ್ಟು ಕಂಡಿತು. ಡಾಕ್ಟರ್ ಯಂತ್ರ ತೆಗೆದಿದ್ದ ನನ್ನ ಕಣ್ಣಿನ ವೀಡಿಯೊ ಹುಡುಕಿ ದೊಡ್ಡ ಪರದೆಗೆ ಹಾಕಿದರು.

"ನೋಡವಾ. ಕಣ್ಣು ಎಷ್ಟು ಗಟ್ಟಿ ನಿಂತೈತಿ. ನನ್ನ ಸರ್ವಿಸ್‌ನ್ಯಾಗ ಇಷ್ಟು ನಿಂತ ಕಣ್ಣು ನಾ ನೋಡಿಲ್ಲ. ಆದ್ರ ಒಳಗ ನೋಡು."

ನಿಂತ ಕಣ್ಣಿನೊಳಗೆ ಮಸೂರ ತೊಟ್ಟಿಲಿನಂತೆ ತೂಗುತ್ತಿತ್ತು.

ಅವರು ಹೇಳಿದ್ದಿಷ್ಟು. ಮಸೂರವನ್ನು ಸುತ್ತಲೂ ಕೂದಲಿಗಿಂತ ತೆಳುವಾದ ದಾರಗಳು ಕಟ್ಟಿ ಹಿಡಿದಿರುತ್ತವೆ. ಕೀಲುಗಳನ್ನು, ಚರ್ಮವನ್ನು, ರಕ್ತನಾಳಗಳನ್ನು, ಕಣ್ಣಿನ ಈ ದಾರಗಳನ್ನು ಗಟ್ಟಿಯಾಗಿ ಇಡುವ ವಸ್ತು ಬಹುಮಟ್ಟಿಗೆ ಒಂದೇ ಕುಲದ್ದು. ಸಂಯೋಜಕ ಅಂಗಾಂಶ ಎನ್ನುತ್ತಾರೆ. ನಮ್ಮ ಮನೆಯವರಲ್ಲಿ ಅದು ಹುಟ್ಟಿನಿಂದಲೇ ಸಡಿಲ. ಹೆಬ್ಬೆರಳು ಬಗ್ಗುವುದೂ ಅದಕ್ಕೇ, ಭುಜ ತಪ್ಪುವುದೂ ಅದಕ್ಕೇ, ಮೂವತ್ತಕ್ಕೇ ಪೊರೆ ಬಂದು ಮಸೂರ ಕಳಚಿ ಬೀಳುವುದೂ ಅದಕ್ಕೇ. ಎದೆಯ ದೊಡ್ಡ ನಾಳವನ್ನೂ ಪರೀಕ್ಷೆ ಮಾಡಿಸಬೇಕು, ಮನೆಯವರೆಲ್ಲರದೂ, ಎಂದು ಎರಡೆರಡು ಸಲ ಹೇಳಿದರು.

"ಉಸಿರು ತಗೊಂಡ್ರ ಸಾಕು, ಎದಿ ಬಡದ್ರ ಸಾಕು, ನಿನ್ನ ಲೆನ್ಸು ತೂಗತೈತಿ. ಯಂತ್ರ ಅದನ್ನ ನೋಡಿ ನಿಲ್ಲತೈತಿ. ಅದು ಕಲ್ತದ್ದು ಗಟ್ಟಿ ದಾರದವ್ರ ಕಣ್ಣಿನ ಮ್ಯಾಲೆ. ನಿಮ್ಮಂಥಾವ್ರ ಮ್ಯಾಲೆ ಕಲಿಸಬೇಕಂದ್ರ ನಿಮ್ಮಂಥಾವ್ರಿಗೆ ಮಾಡಿದ್ದು ಬೇಕು. ಅದು ಮಾಡೂದ ಇಲ್ಲ."

"ಹಂಗಾರ ಲೆನ್ಸು ಅಲುಗಾಡೇತಿ ಅನ್ನಬೇಕಲ್ಲ? ನಾ ಅಲುಗಾಡೇನಿ ಅಂತ ಯಾಕ ಅಂತೈತಿ?"

ಡಾಕ್ಟರ್ ಗುಂಡಿಗಳ ಹಲಗೆಯೊಂದನ್ನು ತೋರಿಸಿದರು. ಯಂತ್ರ ನಿಂತಾಗ ಪರದೆಯ ಮೇಲೆ 'ಕಾರಣ ಆರಿಸಿ' ಎಂದು ಬರುತ್ತದೆ. ಆರಿಸಲು ಇರುವುದು ಮೂರು. ಕರೆಂಟು ಹೋಯಿತು. ಕ್ಯಾಮೆರಾಗೆ ಧೂಳು ಕೂತಿತು. ರೋಗಿ ಅಲುಗಾಡಿದರು. ಮೇಜಿನ ಡಾಕ್ಟರ ಬೆರಳೇ ಒಂದನ್ನು ಒತ್ತದ ಹೊರತು ಆ ಮೇಜಿನ ಯಾವ ಯಂತ್ರವೂ ಮುಂದಿನ ರೋಗಿಯನ್ನು ತೆಗೆದುಕೊಳ್ಳುವುದಿಲ್ಲ.

"ಒತ್ತಿದವ್ರು ಯಾರು?" ಎಂದು ಕೇಳಿದೆ. ಉತ್ತರ ಗೊತ್ತಿತ್ತು.

"ನಾನ."

"ಎರಡೂ ಸಲ?"

"ಎರಡೂ ಸಲ. ನಿನಗಷ್ಟ ಅಲ್ಲ, ಬಾಳ ಮಂದಿಗೆ. ನಾಲ್ಕನೇ ಗುಂಡಿ ಹಾಕ್ರಿ ಅಂತ ಮ್ಯಾಲಿನವ್ರಿಗೆ ಬರದು ಬರದು ಸಾಕಾತು. ರೋಗೀದು ತಪ್ಪಾದ್ರ ಯಂತ್ರದ ಲೆಕ್ಕಕ್ಕ ಹತ್ತೂದಿಲ್ಲ. ಲೆನ್ಸಿಂದು ಅಂತ ಬರದ್ರ ಯಂತ್ರಕ್ಕ ಬರೂದಿಲ್ಲ ಅಂದಂಗ. ಯಾರು ಹಾಕ್ತಾರ ಆ ಗುಂಡಿ?"

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಆ ನೆಲ ನಾವು. ಆ ಹೆಂಗಸಿನ ಕೆನ್ನೆಗೆ ಬಾರಿಸಬೇಕೆನಿಸಿತು. ನನ್ನ ಕೈ ಎತ್ತಿದ್ದರೆ ಭುಜವೇ ಕಳಚಿ ಬರುತ್ತಿತ್ತು. ಅದಕ್ಕಾಗಿ ಸುಮ್ಮನಾದೆ ಎಂದಲ್ಲ. ಅವರ ದನಿ ಅಳುತ್ತಿತ್ತು, ಅದು ನನಗೆ ಇನ್ನೂ ಸಿಟ್ಟು ತರಿಸಿತು. ಅಳುವವರ ಮೇಲೆ ಸಿಟ್ಟು ತೀರಿಸಿಕೊಳ್ಳಲೂ ಆಗುವುದಿಲ್ಲ.

"ಅಳಬ್ಯಾಡ್ರಿ. ದಾರಿ ಐತೋ ಇಲ್ಲೋ ಹೇಳ್ರಿ."

ದಾರಿ ಒಂದಿತ್ತು. ಹಿಂದೆ ಡಾಕ್ಟರ್ ನದಾಫ ಇಂಥ ಕಣ್ಣುಗಳನ್ನು ಕೈಯಿಂದ ಮಾಡಿದ್ದರು. ಮಸೂರದ ಚೀಲದೊಳಗೆ ಕೂದಲೆಳೆಯಂಥ ಒಂದು ಉಂಗುರ ತೂರಿಸಿದರೆ ಅದು ಬಿಗಿಯಾಗಿ ನಿಲ್ಲುತ್ತದೆ. ಆ ಉಂಗುರ ಪ್ರತಿ ಬೆಳಕಿಂಡಿಯ ತಟ್ಟೆಯಲ್ಲೂ ಇದೆ. ಹಳೆಯ ನಿಯಮ, ತೆಗೆಯಲು ಮರೆತಿದ್ದಾರೆ. ಯಂತ್ರ ಅರ್ಧಕ್ಕೆ ನಿಂತರೆ ಕೊಯ್ದ ಕಣ್ಣನ್ನು ಹಾಗೇ ಬಿಡಲಾಗದು. ಆಗ ಮಾತ್ರ ತೋಳುಗಳ ಹಿಡಿಕೆ ಹುಬ್ಬಳ್ಳಿಯ ಈ ಕೋಣೆಯ ಡಾಕ್ಟರ ಕೈಗೆ ಬರುತ್ತದೆ. ಆದರೆ ಅದಕ್ಕೆ ಯಂತ್ರ ಮೊದಲು ಶುರುವಾಗಬೇಕು. ಪರೀಕ್ಷೆಯ ಆ ಸ್ವಲ್ಪ ಹೊತ್ತು ಮಸೂರ ತೂಗಬಾರದು.

"ಉಸಿರು ಹಿಡೀಬೇಕು. ಎದಿ ಬಡಿತಾನೂ ಇಳಸಬೇಕು. ಸತ್ತವ್ರಂಗ" ಎಂದರು ಡಾಕ್ಟರ್. "ನನ್ನ ಕೈ ಹಿಡಿಕಿ ಹಿಡದು ಬಾಳ ವರ್ಷ ಆಗೇತಿ. ತಪ್ಪಿದ್ರ ಲೆನ್ಸು ಹಿಂದಕ್ಕ ಬೀಳತೈತಿ. ಬಲಗಣ್ಣಿನಂಗ. ವಿಚಾರ ಮಾಡು."

ಬದುಕಿದ್ದೇನೆ ಎಂಬುದೇ ಅಡ್ಡಿ ಎಂದಾಯಿತು. ಸತ್ತಂತೆ ನಟಿಸಿದರೆ ಕಣ್ಣು ಕೊಡುತ್ತಾರೆ. ಹೂಂ ಎಂದೆ.

ಮನೆಗೆ ಬಂದವಳು ಅಪ್ಪನ ಎದುರು ಕೂತೆ. ಬಸ್ಸಿನಲ್ಲಿ ಬರುವಾಗ ಮೆತ್ತಗೆ ಹೇಳಬೇಕೆಂದುಕೊಂಡಿದ್ದೆ. ಅವನು ಕಂಬಕ್ಕೆ ಎಣ್ಣೆ ಸವರುತ್ತ, "ಕಂಬಳಿ ತರಸೂಣೇನು?" ಎಂದ. ನನ್ನ ಮೆತ್ತಗೆ ಅಲ್ಲಿಗೇ ಮುಗಿಯಿತು.

"ಯಪ್ಪಾ, ನೀ ಕಂಬಕ್ಕ ಕಣ್ಣ ಕೊಟ್ಟಿಲ್ಲ. ಕಂಬ ನಿನ್ನ ಕೇಳೇ ಇಲ್ಲ. ನಿನ್ನ ಕಣ್ಣಾಗಿನ ದಾರ ಸಡಲ ಇದ್ದೂ. ಅದೊಂದು ಬ್ಯಾನಿ. ಆವಾಗ ಹುಬ್ಬಳ್ಳಿಗೆ ಹೋಗಿದ್ರ ಕೈಲೆ ತಗೀತಿದ್ರು. ಅಷ್ಟ."

ಎಣ್ಣೆಯ ಕೈ ಕಂಬದ ಮೇಲೇ ನಿಂತಿತು.

"ಹಂಗಾರ ನಮ್ಮಪ್ಪಂದು?"

"ಅದೂ ಬ್ಯಾನಿ."

"ನಮ್ಮ ಅತ್ತೀದು? ಅಕಿ ತಾನ ಬೇಡಕೊಂಡು ಕೊಟ್ಲು ಅಂತಾರಲ್ಲ."

"ಯಾರೂ ಕೊಟ್ಟಿಲ್ಲ ಯಪ್ಪಾ. ಎಲ್ಲಾರ್ದೂ ಸುಮ್ನ ಹೋಗ್ಯಾವು. ನಾವು ಶಾಲು ಹೊಚ್ಚಿ ಕುಂದರಸೇವಿ."

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಹೇಳೂದು ಹೇಳಿದಿ. ಇನ್ನ ಸಾಕ ಮಾಡು" ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತೋ, ಇಷ್ಟು ವರ್ಷ ಹೆಬ್ಬೆರಳು ನೋಡಿದವರ ಮೇಲಿತ್ತೋ ತಿಳಿಯಲಿಲ್ಲ. ಅಪ್ಪ ಆ ದಿನ ಊಟಕ್ಕೆ ಬರಲಿಲ್ಲ. ನನಗೆ ಸಂಕಟವಾಯಿತು. ಆದರೂ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಮೂರನೇ ಸಲ ಮಲಗುವ ದಿನ ಬೆಳಗಿನಿಂದ ಬರೀ ಗಂಜಿ ಕುಡಿದಿದ್ದೆ. ಮಂಚದ ಮೇಲೆ ಅಂಗಾತ ಮಲಗಿ, ಕಂಬದ ತುದಿಯಲ್ಲಿದ್ದೇನೆ ಎಂದುಕೊಂಡೆ. ಕಾಲ್ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗವನ್ನು ಬಿಡುತ್ತ ಬಂದೆ. ಎದೆಬಡಿತ ಮೆಲ್ಲಗಾಯಿತು. ಕ್ಯಾಮೆರಾ ಇಳಿದು ಬರುವಾಗ ಅರ್ಧ ಉಸಿರು ಬಿಟ್ಟು ನಿಲ್ಲಿಸಿದೆ. ಸಿಟ್ಟೊಂದೇ ಕಷ್ಟ. ಸಿಟ್ಟು ಬಂದರೆ ಎದೆ ಬಡಿಯುತ್ತದೆ. ಅದನ್ನು ಬಿಡಲು ಬರಲಿಲ್ಲ, ಬದಿಗಿಟ್ಟೆ. ಸ್ವಲ್ಪ ಹೊತ್ತು ಅಲ್ಲೇ ಇರು, ಬಂದು ಕರೆದುಕೊಳ್ಳುತ್ತೇನೆ ಎಂದು ಹೇಳಿಟ್ಟೆ.

ಎದೆ ಉರಿಯತೊಡಗಿತು. ಕಿವಿಯಲ್ಲಿ ಗುಂಯ್ ಎಂದಿತು. ಇನ್ನಾಗದು ಎನ್ನುವಷ್ಟರಲ್ಲಿ ಬಿಳಿ ಮಂಜು ಹಸಿರಾಯಿತು. ತೋಳುಗಳು ಇಳಿದವು. ತಣ್ಣನೆಯದೇನೋ ಕಣ್ಣನ್ನು ಒತ್ತಿತು. ನೋವಿರಲಿಲ್ಲ.

ಕಿವಿಯ ಬಳಿಯ ಸ್ಪೀಕರಿನಲ್ಲಿ ಡಾಕ್ಟರ್ ದನಿ ಬಂತು. "ಈಗ ಉಸಿರ ಬಿಡವಾ."

ಬಿಟ್ಟೆ. ಮಸೂರ ತೂಗಿತು. ಯಂತ್ರ ಅರ್ಧಕ್ಕೆ ನಿಂತು ಬಿಕ್ಕಳಿಸುವಂತೆ ಸದ್ದು ಮಾಡಿತು. ಆಮೇಲೆ ಕಣ್ಣ ಮೇಲಿನ ಒತ್ತಡ ಬೇರೆ ಥರದ್ದಾಯಿತು. ಯಂತ್ರ ಒತ್ತುವಾಗ ಒಂದೇ ಸಮ ಇರುತ್ತದೆ. ಇದು ತಡವರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮನುಷ್ಯರ ಕೈ. ಒಮ್ಮೆ ಮಂಜೆಲ್ಲ ಒಂದು ಕಡೆಗೆ ವಾಲಿತು. ಬಲಗಣ್ಣು ಹೋದ ದಿನವೂ ಹೀಗೇ ವಾಲಿತ್ತು. ಡಾಕ್ಟರ್ "ಯಾ ಅಲ್ಲಾ" ಎಂದದ್ದು ಕೇಳಿಸಿತು. ಆಮೇಲೆ ವಾಲಿದ್ದು ಮೆಲ್ಲಗೆ ನೆಟ್ಟಗಾಯಿತು.

"ಉಂಗುರ ಕುಂತಿತು" ಎಂದರು.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಅವ್ವನ ಮುಖ. ಎಷ್ಟೊಂದು ಸುಕ್ಕು. ನಾನು ಮಂಜಿನೊಳಗಿದ್ದಾಗ ಅವಳು ಮುದುಕಿಯಾಗಿದ್ದಳು. ಅವಳ ಮುಖವನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದೆ. ಅವಳು ನಾಚಿಕೊಂಡು, "ಬಿಡ, ಹಿಂಗ್ಯಾಕ ನೋಡ್ತಿ" ಎಂದಳು. ಆ ಒಂದು ದಿನ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮರುದಿನ ಹುಬ್ಬಳ್ಳಿಯ ಕೋಣೆಯ ಮುಖ್ಯಸ್ಥರು ಫೋನು ಮಾಡಿದರು. ಹುಯಿಲಗೋಳ ಸಾಹೇಬರು. ಅಭಿನಂದನೆ ಹೇಳಿದರು. ನನ್ನ ಸಂಗತಿಯನ್ನು ಎಲ್ಲ ತಾಲ್ಲೂಕುಗಳ ಪರದೆಯ ಮೇಲೂ ಹಾಕುತ್ತಾರಂತೆ. "ನೀವ ನೋಡ್ರಿ, ಎರಡ ಸಲ ಅಲುಗಾಡಿದ್ರಿ, ಆಗ್ಲಿಲ್ಲ. ಮೂರನೇ ಸಲ ಛಂದ ಸಹಕಾರ ಕೊಟ್ರಿ, ಆತು. ಮನಸು ಮಾಡಿದ್ರ ಆಗತೈತಿ ಅಂತ ಉಳದವ್ರಿಗೂ ಗೊತ್ತಾಗ್ಲಿ."

"ಕೈಲೆ ಮಾಡಿದ್ದು ಡಾಕ್ಟರ್ ನದಾಫರು. ಯಂತ್ರ ಅಲ್ಲ" ಎಂದೆ.

"ಶುರು ಮಾಡಿದ್ದು ಯಂತ್ರ ಅಲ್ಲೇನ್ರೀ? ಮುಗದದ್ದು ಯಂತ್ರದಾಗ. ಲೆಕ್ಕ ಅದರದ."

ಫೋನಿಟ್ಟೆ. ನನಗೆ ಬಂದ ಕಣ್ಣೇ ಉಳಿದವರ ವಿರುದ್ಧ ಸಾಕ್ಷಿಯಾಗಿತ್ತು. ನಮ್ಮಂಥ ಇನ್ನೊಬ್ಬಳು ಎಲ್ಲೋ ಮಂಚದ ಮೇಲೆ ಮಲಗುತ್ತಾಳೆ. ಅಲುಗಾಡಲಿಲ್ಲ ಎನ್ನುತ್ತಾಳೆ. ಸಿಸ್ಟರ್ ನನ್ನ ಚಿತ್ರ ತೋರಿಸಿ, ನೋಡ್ರಿ ಇವ್ರು ಹೆಂಗ ಸಹಕರಿಸ್ಯಾರ ಎನ್ನುತ್ತಾಳೆ. ನಾನು ಕಿರುಚಿದೆ. ಯಾರ ಮೇಲೆಂದು ಗೊತ್ತಿಲ್ಲದೆ ಕಿರುಚಿದೆ.

ಅಪ್ಪ ಆವರೆಗೂ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಅಂಗಳದಿಂದಲೇ ಕೇಳಿದ. "ನನ್ನೂ ಕರಕೊಂಡು ನಡಿ."

"ಯಪ್ಪಾ, ನಿನಗ ದಮ್ಮೈತಿ. ಎರಡ ಅಂಕಿ ಎಣಸೂತನಾನೂ ಉಸಿರ ಹಿಡಿಯಾಕ ಆಗೂದಿಲ್ಲ. ಅದು ಶುರುವ ಆಗೂದಿಲ್ಲ."

"ಆಗಬ್ಯಾಡ. ನನಗ ಏನಂತೈತಿ, ಕೇಳೂಣು."

ಅವನ ಒಂದು ಕಣ್ಣಿನಲ್ಲಿ ಮಸೂರ ಇನ್ನೂ ಬಿದ್ದಿಲ್ಲ ಎಂದು ಹೆಸರು ಬರೆಸುವಾಗ ತಿಳಿಯಿತು. ತೆಗೆದರೆ ಬೆಳಕಾದರೂ ಕಾಣಬಹುದಂತೆ. ಕೀಲುಗಳ ತೊಂದರೆ ಇದೆಯೇ ಎಂದರು. ಅಪ್ಪ ತಡೆದು, "ಐತಿ ಅಂತ ಬರೀರಿ" ಎಂದ. ಅದನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಹಾಗೆ ಬರೆದರೆ ಸಾಲಿನಲ್ಲೇ ನಿಲ್ಲಿಸುವುದಿಲ್ಲ ಎಂದಳು ಸಿಸ್ಟರ್. ನಾನು ಅವಳ ಪರದೆಯ ಮೇಲಿದ್ದ ನನ್ನದೇ ಚಿತ್ರವನ್ನು ತೋರಿಸಿ, ಇದೂ ಅದೇ ಕೀಲು ಎಂದೆ. ಅವಳು ಹೆಸರು ಬರೆದುಕೊಂಡಳು.

ಶಾಲು ಮಡಚಿ ನನ್ನ ಕೈಗೆ ಕೊಟ್ಟು ಅಪ್ಪ ಮಂಚದ ಮೇಲೆ ಮಲಗಿದ. ಅರವತ್ತು ದಾಟಿದ ಮೈ, ದಮ್ಮಿನ ಎದೆ. ಆದರೂ ಅವನು ಮಲಗಿದ ರೀತಿ ನೋಡಬೇಕಿತ್ತು. ನನ್ನ ಹೊಸ ಕಣ್ಣಿನಿಂದ ನೋಡಿದೆ. ಒಂದು ಬೆರಳು ಕದಲಲಿಲ್ಲ. ಎದೆಯಷ್ಟೇ ಏರಿ ಇಳಿಯುತ್ತಿತ್ತು, ಅದನ್ನು ಯಾವ ವಸ್ತಾದನೂ ನಿಲ್ಲಿಸಲಾರ.

ಕ್ಯಾಮೆರಾ ಇಳಿಯಿತು. ನಿಂತಿತು. ಹಸಿರು ಬರಲಿಲ್ಲ. ಕ್ಯಾಮೆರಾ ಮೇಲಕ್ಕೆ ಹೋಯಿತು. ನಾನು ಆ ಸಿಹಿ ದನಿಗಾಗಿ ಮುಷ್ಟಿ ಬಿಗಿದು ಕಾದೆ.

ದನಿ ಬರಲಿಲ್ಲ.

ಸಿಸ್ಟರ್ ಪರದೆಯನ್ನು ತಟ್ಟಿದಳು. ಕಾರಣಕ್ಕಾಗಿ ಕಾಯಲಾಗುತ್ತಿದೆ ಎಂದಿತ್ತು. ಇನ್ನೂ ತಟ್ಟಿದಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಡಾಕ್ಟರ್ ನದಾಫ ಅವರ ದನಿ ಬಂತು, ಮೆಲ್ಲಗೆ, ಪಕ್ಕದಲ್ಲಿ ಯಾರೋ ಕೂಗಾಡುತ್ತಿರುವ ಸದ್ದಿನ ನಡುವೆ.

"ವಸ್ತಾದರ, ಮೂರು ಗುಂಡಿ ಅದಾವು. ಮೂರೂ ಸುಳ್ಳು. ನಾ ಒತ್ತೂದಿಲ್ಲ."

ಅವರ ಮೇಜಿಗೇ ಸೇರಿದ ಗದಗದ ಯಂತ್ರ ನಿಂತಿದೆಯಂತೆ, ಕೊಪ್ಪಳದ್ದೂ ನಿಂತಿದೆಯಂತೆ ಎಂದು ಸಿಸ್ಟರಿನ ಫೋನಿಗೆ ಒಂದರ ಮೇಲೊಂದು ಸುದ್ದಿ ಬಂತು. ಹೊರಗೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಒಬ್ಬ ಬಾಗಿಲೊಳಗೆ ಇಣುಕಿ, "ಏನ್ರೀ ಇದು, ನಮ್ಮ ಪಾಳಿ ಯಾವಾಗ?" ಎಂದ. ಇವರೇನು ತಪ್ಪು ಮಾಡಿದ್ದಾರೆ ಎಂದು ನನಗೂ ಅನಿಸಿತು. ನಾವೇನು ಮಾಡಿದ್ದೆವು ಎಂದೂ ಅನಿಸಿತು. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಜೋರಾಗಿಯೇ ಹೇಳಿದೆ, ಹಿಂದಿನವರಿಗೂ ಕೇಳಲೆಂದು. ಕೆಲವರು ಬೈದು ಹೋದರು. ಕೆಲವರು ಅಲ್ಲೇ ನೆಲಕ್ಕೆ ಕೂತರು.

ಹುಯಿಲಗೋಳ ಸಾಹೇಬರ ಫೋನು ಬಂತು. ಸಿಸ್ಟರ್ ಕೇಳಿಸಿಕೊಂಡು ಬೆವರು ಒರೆಸಿಕೊಂಡಳು. "ಯಜಮಾನ್ರ, ಸಾಹೇಬ್ರು ನಿಮ್ಮನ್ನ ಎಬ್ಬಸಂತ ಹೇಳ್ಯಾರ. ಮಂಚ ಖಾಲಿ ಆದ್ರ ಯಂತ್ರ ತಾನ ಕಾರಣ ಬರಕೊಂಡು ಮುಂದ ಹೋಗತೈತಂತ. ಏಳ್ರಿ, ಕೈ ಮುಗೀತೀನಿ."

ನಾನು ಅಪ್ಪನ ಕೈ ಹಿಡಿದೆ. ಎಣ್ಣೆಯ ಜಿಡ್ಡು ಇನ್ನೂ ಇತ್ತು. "ಯಪ್ಪಾ, ಏನ್ ಮಾಡೂಣು?"

ಅಪ್ಪ ತಲೆ ತಿರುಗಿಸಲಿಲ್ಲ. ತುಟಿ ಮಾತ್ರ ಅಲುಗಿತು.

"ನಾ ಈಗ ಎದ್ರ ಅಲುಗಾಡಿದ ಅಂತ ಬರೀತಾರ. ಏಳೂದಿಲ್ಲ ಅಂತ ಹೇಳು."